ಔಷಧ ಅಗ್ಗವೇ ಇದೆ, ಕಾಯಿಲೆಯ ಹೆಸರೇ ಸಿಗುತ್ತಿಲ್ಲ

ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ನೀರು ಹಾಕುವುದನ್ನು ನೋಡಿದ್ದೀರಲ್ವಾ? ಅಜ್ಜಿಯೋ, ನೀರು ಹಾಕಲೆಂದೇ ಬರುವ ಹೆಂಗಸೋ ಮಣೆಯ ಮೇಲೆ ಕಾಲು ನೀಡಿ ಕೂರುತ್ತಾರೆ. ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಾರೆ. ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ತಂದು ಎಳೆಯುತ್ತಾರೆ, ಕಾಲು ಮಡಚಿ ಬಿಡಿಸುತ್ತಾರೆ. ಮಗು ಊರು ಕೇಳುವಂತೆ ಕಿರುಚಿ, ಆಮೇಲೆ ಸಾಂಬ್ರಾಣಿ ಹೊಗೆಯಲ್ಲಿ ಗಡದ್ದಾಗಿ ನಿದ್ದೆ ಹೋಗುತ್ತದೆ. ನಾವೆಲ್ಲ ಹಾಗೇ ಬೆಳೆದವರು. ಏನೂ ಆಗಿಲ್ಲ.

ಎಲ್ಲೋ ಒಂದು ಮಗು ಮಾತ್ರ ನಿದ್ದೆ ಹೋಗುವುದಿಲ್ಲ. ಸಂಜೆವರೆಗೂ ಅಳುತ್ತದೆ. ಒಂದು ಕೈ ಆಡಿಸುವುದೇ ಇಲ್ಲ. ದೃಷ್ಟಿ ತೆಗೆಯುತ್ತಾರೆ, ಗ್ರೈಪ್ ವಾಟರ್ ಕುಡಿಸುತ್ತಾರೆ. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದರೆ ಎಕ್ಸ್‌ರೇಯಲ್ಲಿ ತೋಳಿನ ಮೂಳೆ ಮುರಿದಿರುತ್ತದೆ. ಕೆಲವು ಸಲ ಪಕ್ಕೆಲುಬಿನಲ್ಲೋ ತೊಡೆಯಲ್ಲೋ ಹಳೆಯ ಮುರಿತವೊಂದು ತಾನಾಗೇ ಕೂಡಿಕೊಂಡ ಗುರುತೂ ಇರುತ್ತದೆ. ಅದು ಯಾವಾಗ ಆಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಆಗ ಮನೆಯವರೆಲ್ಲ ತಿರುಗಿ ನೋಡುವುದು ತಾಯಿಯ ಕಡೆಗೆ, ಇಲ್ಲವೇ ನೀರು ಹಾಕಿದವಳ ಕಡೆಗೆ.

ತಪ್ಪು ಇಬ್ಬರದೂ ಅಲ್ಲ. ಮೂಳೆ ಸುಲಭವಾಗಿ ಮುರಿಯುವ ಈ ಹುಟ್ಟು ಕಾಯಿಲೆಯ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಡಾಕ್ಟರುಗಳು ಚಿಕ್ಕದಾಗಿ ಓಐ ಅನ್ನುತ್ತಾರೆ. ಹುಟ್ಟುವ 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆ ಎಂದು ಹಿಡಿದರೂ ಪ್ರತಿ ವರ್ಷ 50ರಿಂದ 65 ಮಕ್ಕಳು. ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ. ತೊಂದರೆ ಇರುವುದೇ ಅಲ್ಲಿ. ವರ್ಷಕ್ಕೆ ಒಂದು ಮಗು ಬರುವ ಕಾಯಿಲೆಯನ್ನು ಯಾವ ತಾಲ್ಲೂಕು ಆಸ್ಪತ್ರೆ ನೆನಪಿಟ್ಟುಕೊಂಡಿರುತ್ತದೆ?

ಅಪರೂಪದ ಕಾಯಿಲೆ ಎಂದ ತಕ್ಷಣ ನಮ್ಮ ತಲೆಗೆ ಬರುವುದು 16 ಕೋಟಿ ರೂಪಾಯಿಯ ಇಂಜೆಕ್ಷನ್. ಸ್ನಾಯುಗಳು ಸೊರಗುವ ಎಸ್‌ಎಂಎ ಎಂಬ ಕಾಯಿಲೆಯ ಮಕ್ಕಳಿಗಾಗಿ ಫೋನಿನಲ್ಲಿ ಹರಿದಾಡಿದ ಮನವಿಗಳು ನಮಗೆಲ್ಲ ಬಂದಿವೆ. ಅಲ್ಲಿ ಕಾಯಿಲೆಯ ಹೆಸರು ಗೊತ್ತು, ಔಷಧ ಗೊತ್ತು, ಹಣ ಇಲ್ಲ. ಓಐ ಕಥೆ ಪೂರ್ತಿ ಉಲ್ಟಾ. ಇಲ್ಲಿ ಬಳಸುವ ಮುಖ್ಯ ಔಷಧ ಪೇಟೆಂಟ್ ಮುಗಿದ ಹಳೆಯ ಔಷಧ. ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ. ಒಂದು ಬಾಟಲಿಗೆ ಕೋಟಿಯಲ್ಲ, ಲಕ್ಷವೂ ಅಲ್ಲ, ಸಾವಿರಗಳ ಲೆಕ್ಕ. ಹಾಗಿದ್ದೂ ಐದಾರು ಸಲ ಮೂಳೆ ಮುರಿದು, ಕಾಲು ಬಿಲ್ಲಿನಂತೆ ಬಗ್ಗಿದ ಮೇಲೆ ಕಾಯಿಲೆ ಏನೆಂದು ತಿಳಿಯುವ ಮಕ್ಕಳಿದ್ದಾರೆ. ಇದಕ್ಕೆ ಹಣದ ಕೊರತೆಯನ್ನು ದೂರಿ ಸುಮ್ಮನಾಗಲು ಆಗುವುದಿಲ್ಲ.

ಮೊದಲು ಮೂಳೆಯೊಳಗೆ ಏನಾಗುತ್ತದೆ ನೋಡೋಣ. ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಾರಸಿ ಹಾಕುವಾಗ ಬರೀ ಸಿಮೆಂಟ್ ಸುರಿದರೆ ಸಾಲದು, ಒಳಗೆ ಕಬ್ಬಿಣದ ಕಂಬಿ ಇರಬೇಕು. ಮೂಳೆಯಲ್ಲಿ ಕ್ಯಾಲ್ಸಿಯಂ ಎಂದರೆ ಸಿಮೆಂಟ್. ಕಂಬಿಯ ಕೆಲಸ ಮಾಡುವುದು ಕೊಲಾಜನ್ ಎಂಬ ಪ್ರೋಟೀನು. ಅದು ಮೂರು ಎಳೆ ಹೊಸೆದ ಹಗ್ಗದ ಹಾಗಿರುತ್ತದೆ. ಆ ಎಳೆಗಳನ್ನು ಹೇಗೆ ಮಾಡಬೇಕು ಎಂದು ಹೇಳುವ ಜೀನುಗಳು ಎರಡು, ಕಾಲ್1ಎ1 ಮತ್ತು ಕಾಲ್1ಎ2. ಎಳೆಯಲ್ಲಿ ಪ್ರತಿ ಮೂರನೆಯ ಮಣಿಯೂ ಗ್ಲೈಸಿನ್ ಎಂಬ ಪುಟ್ಟ ಅಮೈನೋ ಆಮ್ಲವೇ ಆಗಿರಬೇಕು. ಯಾಕೆಂದರೆ ಹೊಸೆದ ಹಗ್ಗದ ನಡುವೆ ಇರುವ ಜಾಗ ಅಷ್ಟೇ. ಅಲ್ಲಿಗೆ ದೊಡ್ಡ ಮಣಿಯೊಂದು ಬಂದು ಕೂತರೆ ಹಗ್ಗ ಸರಿಯಾಗಿ ಹೊಸೆಯುವುದಿಲ್ಲ. ಸಾವಿರಕ್ಕೂ ಹೆಚ್ಚು ಮಣಿಗಳಲ್ಲಿ ಒಂದೇ ಒಂದು ತಪ್ಪಿದರೂ ಸಾಕು.

ಜೀನೊಂದಕ್ಕೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡು ಪ್ರತಿಗಳಿರುತ್ತವೆ. ಅದರಲ್ಲಿ ಒಂದು ಕೆಲಸವನ್ನೇ ಮಾಡದಿದ್ದರೆ ಕೊಲಾಜನ್ ಅರ್ಧದಷ್ಟೇ ತಯಾರಾಗುತ್ತದೆ, ಆದರೆ ತಯಾರಾದದ್ದು ಚೆನ್ನಾಗಿರುತ್ತದೆ. ಆಗ ಕಾಯಿಲೆ ಸೌಮ್ಯ. ಕೆಟ್ಟ ಎಳೆಗಳು ತಯಾರಾಗಿ ಒಳ್ಳೆಯ ಎಳೆಗಳ ಜೊತೆ ಹೆಣೆದುಕೊಂಡರೆ ಕಾಯಿಲೆ ಜೋರು. ಕಡಿಮೆ ಕಂಬಿ ಹಾಕಿದ ತಾರಸಿಗಿಂತ ತುಕ್ಕು ಹಿಡಿದ ಕಂಬಿ ಹಾಕಿದ ತಾರಸಿ ಬೇಗ ಬೀಳುತ್ತದಲ್ಲ, ಹಾಗೆ. 1979ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ಮತ್ತು ಜೊತೆಗಾರರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಒಂದನೆಯದು ಸೌಮ್ಯ. ಎರಡನೆಯದರಲ್ಲಿ ಮಗು ಹುಟ್ಟುವ ಹೊತ್ತಿಗೋ ಹುಟ್ಟಿದ ಕೆಲವೇ ದಿನಕ್ಕೋ ತೀರಿಕೊಳ್ಳುತ್ತದೆ. ಮೂರನೆಯದರಲ್ಲಿ ಮಗು ಬದುಕುತ್ತದೆ, ಆದರೆ ಮೂಳೆಗಳು ಬಗ್ಗುತ್ತಾ ಹೋಗುತ್ತವೆ. ನಾಲ್ಕನೆಯದು ಒಂದಕ್ಕೂ ಮೂರಕ್ಕೂ ನಡುವಿನದು. ಈಗ ಇಪ್ಪತ್ತಕ್ಕೂ ಹೆಚ್ಚು ಜೀನುಗಳು ಪತ್ತೆಯಾಗಿ ಪಟ್ಟಿ ಉದ್ದವಾಗಿದೆ. ಆದರೂ ಡಾಕ್ಟರುಗಳು ಮಾತಾಡುವಾಗ ಬಳಸುವುದು ಈ ಹಳೆಯ ನಾಲ್ಕನ್ನೇ.

ಸಿಮೆಂಟ್ ಮತ್ತು ಕಂಬಿಯ ಹೋಲಿಕೆ ಸುಮ್ನೆ ಕೊಟ್ಟಿದ್ದಲ್ಲ. ಮೂಳೆ ಮುರಿದ ಮಗುವಿಗೆ ನಮ್ಮಲ್ಲಿ ಮೊದಲು ಸಿಗುವ ಚೀಟಿ ಕ್ಯಾಲ್ಸಿಯಂ ಸಿರಪ್ಪಿನದು. "ಕ್ಯಾಲ್ಸಿಯಂ ಕಮ್ಮಿ ಇದೆ, ಹಾಲು ಕುಡಿಸಿ." ಕಂಬಿ ಇಲ್ಲದ ತಾರಸಿಗೆ ಮತ್ತಷ್ಟು ಸಿಮೆಂಟ್ ಬಳಿದ ಹಾಗೆ ಇದು. ಓಐ ಮೂಳೆಯಲ್ಲಿ, ಇರುವಷ್ಟು ಭಾಗದೊಳಗೆ ಖನಿಜದ ಸಾಂದ್ರತೆ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಅದಕ್ಕೇ ಅದು ಬಳುಕದೆ ಪಟ್ಟನೆ ಮುರಿಯುತ್ತದೆ.

ಹಾಗಂತ ಕ್ಯಾಲ್ಸಿಯಂ ಬರೆದುಕೊಟ್ಟ ಡಾಕ್ಟರನ್ನು ಬೈಯುವುದೂ ಸರಿಯಲ್ಲ. ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ತುಂಬಾ ಸಾಮಾನ್ಯ. ಅದರಲ್ಲೂ ಕಾಲು ಬಾಗುತ್ತದೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣಬಹುದು. ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ವ್ಯತ್ಯಾಸ ತಿಳಿಯುತ್ತದೆ. ರಿಕೆಟ್ಸ್‌ನಲ್ಲಿ ಮೂಳೆಯ ತುದಿ ಬಟ್ಟಲಿನಂತೆ ಅಗಲವಾಗಿ ಹರಿದಿರುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಓಐನಲ್ಲಿ ಸಾಮಾನ್ಯವಾಗಿ ತುದಿ ನೆಟ್ಟಗಿದ್ದು ನಡುಭಾಗ ತೆಳ್ಳಗಿರುತ್ತದೆ. ಇನ್ನು ಒಂದೇ ಮಗುವಿನಲ್ಲಿ ಎರಡೂ ಇದ್ದರೆ ಗೊಂದಲ ಕೇಳುವುದೇ ಬೇಡ.

ಇಷ್ಟೆಲ್ಲ ಪರೀಕ್ಷೆಗೂ ಮುಂಚೆ, ಬರಿಗಣ್ಣಿಗೇ ಕಾಣುವ ಸುಳಿವುಗಳಿವೆ. ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುವುದು ಅದರಲ್ಲಿ ಮುಖ್ಯ. ಆ ಬಿಳಿಪರದೆಯೂ ಕೊಲಾಜನ್ನಿನದೇ. ಅದು ತೆಳುವಾದಾಗ ಒಳಗಿನ ಗಾಢ ಬಣ್ಣ ಹೊರಗೆ ಇಣುಕುತ್ತದೆ. ತೀರಾ ಎಳೆಯ ಕೂಸುಗಳಲ್ಲಿ ಸ್ವಲ್ಪ ನೀಲಿ ಸಹಜವೇ, ಹಾಗಾಗಿ ಇದೊಂದನ್ನೇ ನಂಬುವ ಹಾಗಿಲ್ಲ. ಕೆಲವು ಬಗೆಗಳಲ್ಲಿ ಕಣ್ಣು ಬೆಳ್ಳಗೇ ಇರುತ್ತದೆ. ಹಲ್ಲು ಕಂದು ಬಣ್ಣದ್ದಾಗಿ, ಚೂರುಚೂರಾಗಿ ಒಡೆಯುವುದು ಇನ್ನೊಂದು ಸುಳಿವು. ಮುಖ ಸ್ವಲ್ಪ ತ್ರಿಕೋನದಂತೆ, ಹಣೆ ಅಗಲ. ಕೀಲುಗಳು ಸಡಿಲ. ದೊಡ್ಡವರಾದ ಮೇಲೆ ಕಿವಿ ಮಂದವಾಗುವುದೂ ಉಂಟು. ಆದ್ದರಿಂದ ಮಗುವಿನ ಜೊತೆಗೆ ಬಂದವರನ್ನೂ ಒಮ್ಮೆ ನೋಡಬೇಕು. ಅಪ್ಪನ ಕಣ್ಣೂ ನೀಲಿಯಾಗಿದ್ದು, "ಚಿಕ್ಕಂದಿನಲ್ಲಿ ನನಗೂ ನಾಲ್ಕು ಸಲ ಕೈ ಮುರಿದಿತ್ತು, ಬಲು ತುಂಟ ನಾನು" ಎಂದು ಅವರು ನಗುತ್ತಾ ಹೇಳಿದರೆ, ಅರ್ಧ ರೋಗ ಪತ್ತೆಯಾದಂತೆಯೇ.

ಪಶ್ಚಿಮದ ದೇಶಗಳಲ್ಲಿ ಇಂಥ ಮಗುವಿನ ಅಪ್ಪ ಅಮ್ಮನ ಮೇಲೆ ಮಗುವನ್ನು ಹೊಡೆದಿದ್ದಾರೆಂಬ ಅನುಮಾನ ಬರುತ್ತದೆ. ಮಗುವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು, ಆಮೇಲೆ ಓಐ ಎಂದು ತಿಳಿದ ಪ್ರಕರಣಗಳಿವೆ. ನಮ್ಮಲ್ಲಿ ಪೊಲೀಸರು ಬರುವುದು ಕಡಿಮೆ. ಅತ್ತೆ ಮನೆಯೇ ಕೋರ್ಟು. "ಸರಿಯಾಗಿ ಎತ್ತಿಕೊಳ್ಳೋಕೂ ಬರಲ್ಲ ಇವಳಿಗೆ" ಎಂಬಲ್ಲಿ ಶುರುವಾಗಿ, ಸೊಸೆಯ ಕಾಲ್ಗುಣದವರೆಗೂ ಹೋಗುತ್ತದೆ. ಇದಕ್ಕೆ ಉತ್ತರ ಕೊಡಬೇಕಾದ್ದು ವಂಶವಾಹಿಗಳ ಲೆಕ್ಕ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಜಗತ್ತಿನಾದ್ಯಂತ ಹತ್ತರಲ್ಲಿ ಎಂಟೊಂಬತ್ತು ಪ್ರಕರಣಗಳು ಆ ಎರಡು ಕೊಲಾಜನ್ ಜೀನುಗಳಿಂದಲೇ ಬರುತ್ತವೆ. ಅಲ್ಲಿ ಕೆಟ್ಟ ಪ್ರತಿ ಒಂದೇ ಇದ್ದರೂ ಕಾಯಿಲೆ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಜೋರಾದ ಬಗೆಯಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಏನೂ ಇರುವುದಿಲ್ಲ. ಬೀಜ ಅಥವಾ ಅಂಡ ತಯಾರಾಗುವಾಗ ಹೊಸದಾಗಿ ಆದ ಅಕ್ಷರದೋಷ ಅದು. ಯಾರು ಏನು ತಿಂದದ್ದಕ್ಕೂ, ಯಾವ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೂ ಸಂಬಂಧವಿಲ್ಲ. ಹೀಗೆ ಹೊಸದಾಗಿ ಆದಾಗ ಮುಂದಿನ ಮಗುವಿಗೆ ಬರುವ ಸಾಧ್ಯತೆ ತುಂಬಾ ಕಡಿಮೆ. ಪೂರ್ತಿ ಸೊನ್ನೆಯೇನಲ್ಲ, ಯಾಕೆಂದರೆ ಕೆಲವೊಮ್ಮೆ ಅಪ್ಪ ಅಥವಾ ಅಮ್ಮನ ಬೀಜಕೋಶಗಳಲ್ಲಿ ಒಂದಷ್ಟು ಮಾತ್ರ ಈ ದೋಷ ಹೊತ್ತಿರುತ್ತವೆ. ಅವರ ರಕ್ತ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದು.

ಉಳಿದದ್ದರಲ್ಲಿ ಹೆಚ್ಚಿನ ಪಾಲು ರಿಸೆಸಿವ್ ಬಗೆಯದು. ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತಿದ್ದರೆ ಮಾತ್ರ ಬರುತ್ತದೆ. ಆಗ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇಲ್ಲಿ ನಮ್ಮ ಮನೆಯ ವಿಷಯ ಬರುತ್ತದೆ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ಆದವು. ತಮಿಳುನಾಡಿನ ಜೊತೆ ನಾವೂ ದೇಶದಲ್ಲಿ ಮುಂದಿದ್ದೇವೆ. ಭಾರತದ ಕುಟುಂಬಗಳನ್ನು ನೋಡಿದ ಅಧ್ಯಯನಗಳಲ್ಲಿ ಈ ರಿಸೆಸಿವ್ ಬಗೆ ಪಶ್ಚಿಮಕ್ಕಿಂತ ಜಾಸ್ತಿ ಕಾಣುವುದು ಆಶ್ಚರ್ಯವೇನಲ್ಲ. ಎಫ್‌ಕೆಬಿಪಿ10, ಡಬ್ಲ್ಯುಎನ್‌ಟಿ1, ಸರ್ಪಿನ್‌ಎಫ್1 ಅಂಥ ಜೀನುಗಳು. ಒಂದು ಮಾತು ಮಾತ್ರ ಹೇಳಲೇಬೇಕು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ. ಓಐ ಮಗು ಹುಟ್ಟಿದ ಕೂಡಲೇ "ಸಂಬಂಧದಲ್ಲಿ ಆಗಿದ್ದಕ್ಕೇ ಹೀಗೆ" ಅನ್ನುವುದು, ಜೀನ್ ಪರೀಕ್ಷೆ ಆಗುವವರೆಗೆ ಬರೀ ಊಹೆ. ಮೊದಲು ಅಮ್ಮನ ಮೇಲೆ ಹಾಕಿದ ತಪ್ಪನ್ನು ಈಗ ವಿಜ್ಞಾನದ ಹೆಸರಲ್ಲಿ ಇಬ್ಬರ ಮೇಲೂ ಹಾಕಿದಂತಾಗುತ್ತದೆ ಅಷ್ಟೇ.

ಜೀನ್ ಪರೀಕ್ಷೆಯ ಉಪಯೋಗ ಮುಂದಿನ ಮಗುವಿನ ಲೆಕ್ಕಕ್ಕೆ ಮಾತ್ರ ಅಲ್ಲ. ಉದಾಹರಣೆಗೆ ಸರ್ಪಿನ್‌ಎಫ್1 ದೋಷದಿಂದ ಬಂದ ಓಐಗೆ, ನಾನೀಗ ಹೇಳಲಿರುವ ಔಷಧ ಅಷ್ಟಾಗಿ ನಾಟುವುದಿಲ್ಲ. ಅದು ಮೊದಲೇ ತಿಳಿದರೆ ಒಳ್ಳೆಯದಲ್ವಾ?

ಔಷಧಕ್ಕೆ ಬರೋಣ. ನಮ್ಮ ಮೂಳೆ ದಿನವೂ ಕರಗಿ ದಿನವೂ ಕಟ್ಟಿಕೊಳ್ಳುತ್ತಿರುತ್ತದೆ. ಕರಗಿಸುವ ಕೋಶಗಳೇ ಬೇರೆ, ಕಟ್ಟುವ ಕೋಶಗಳೇ ಬೇರೆ. ಬಿಸ್‌ಫಾಸ್ಫೊನೇಟ್ ಎಂಬ ಗುಂಪಿನ ಔಷಧಗಳು ಕರಗಿಸುವವರ ಕೈ ಕಟ್ಟುತ್ತವೆ. ಇವು ಬಂದದ್ದು ದೊಡ್ಡವರ ಕಾಯಿಲೆಗಳಿಗೆ, ಅಂದರೆ ಸವೆದ ಮೂಳೆಗೆ, ಮೂಳೆಗೆ ಹರಡಿದ ಕ್ಯಾನ್ಸರ್‌ಗೆ. 1998ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯಲ್ಲಿ ಫ್ರಾನ್ಸಿಸ್ ಗ್ಲೋರಿಯೂ ಮತ್ತು ತಂಡದವರು 30 ಮಕ್ಕಳಿಗೆ ಪಮಿಡ್ರೋನೇಟ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಮೂಳೆ ಗಟ್ಟಿಯಾಯಿತು, ನೋವು ಇಳಿಯಿತು, ಮುರಿತ ಕಡಿಮೆಯಾಯಿತು. ಅಲ್ಲಿಂದ ಓಐ ಚಿಕಿತ್ಸೆಯ ದಾರಿಯೇ ಬದಲಾಯಿತು. ಈಗ ಅದೇ ಗುಂಪಿನ ಝೋಲೆಡ್ರೋನಿಕ್ ಆಮ್ಲ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಅರ್ಧ ಮುಕ್ಕಾಲು ಗಂಟೆ ಕೊಟ್ಟರೆ ಆಯಿತು. ಇದರ ಬಾಟಲಿಯಲ್ಲಿ 4 ಮಿಲಿಗ್ರಾಂ ಇರುತ್ತದೆ, ಅದು ದೊಡ್ಡವರ ಅಳತೆ. ಹತ್ತು ಕೆ.ಜಿ. ತೂಕದ ಮಗುವಿಗೆ ಬೇಕಾಗುವುದು ಅದರ ಎಂಟನೇ ಒಂದು ಭಾಗ.

ಮೊದಲ ಸಲ ಕೊಟ್ಟಾಗ ಜ್ವರ, ಮೈಕೈ ನೋವು ಬರುವುದು ಮಾಮೂಲು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಹುದು, ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲೇ ಸರಿಮಾಡಿಕೊಳ್ಳಬೇಕು. ಮೇಲೆ ಬೈಸಿಕೊಂಡ ಸಿರಪ್ಪಿಗೆ ಇಲ್ಲೊಂದು ಜಾಗ ಸಿಕ್ಕಿತು ನೋಡಿ. ಅತಿಯಾಗಿ ಕೊಟ್ಟರೂ ಕಷ್ಟ. ಕರಗುವುದೇ ನಿಂತರೆ ಮೂಳೆ ಕಲ್ಲಿನಂತಾಗಿ ಅದೂ ಮುರಿಯುತ್ತದೆ. ಅಮೆರಿಕದ ಹುಡುಗನೊಬ್ಬನಿಗೆ ಹೀಗಾದದ್ದು 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಈ ಔಷಧವನ್ನು ಪವಾಡ ಎಂದು ಬರೆಯಲು ನನಗೆ ಮನಸ್ಸಿಲ್ಲ. ಇದು ಜೀನನ್ನು ಸರಿಮಾಡುವುದಿಲ್ಲ. ಕೆಟ್ಟ ಕಂಬಿಯ ಮೂಳೆಯನ್ನೇ ಸ್ವಲ್ಪ ದಪ್ಪ ಮಾಡುತ್ತದೆ. ಸ್ಕ್ಯಾನಿನಲ್ಲಿ ಸಾಂದ್ರತೆ ಏರುವುದು ಖಚಿತ, ಬೆಳೆಯುವ ಮಕ್ಕಳಲ್ಲಿ ಕುಸಿದ ಬೆನ್ನುಮೂಳೆ ಮತ್ತೆ ಆಕಾರ ಪಡೆಯುವುದೂ ಕಂಡಿದೆ. ಆದರೆ ಕೈಕಾಲು ಮುರಿಯುವುದು ಎಷ್ಟು ಕಡಿಮೆಯಾಗುತ್ತದೆ ಎಂಬ ಬಗ್ಗೆ ಕಟ್ಟುನಿಟ್ಟಿನ ಪ್ರಯೋಗಗಳ ಫಲಿತಾಂಶ ಒಂದೇ ತರಹ ಇಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯೂ ಇದನ್ನೇ ಹೇಳಿತು. ಪೋಷಕರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಎರಡನೇ ಡ್ರಿಪ್ ಆದ ಮೇಲೆ ಮತ್ತೊಂದು ಕಾಲು ಮುರಿದಾಗ "ಇಂಗ್ಲಿಷ್ ಔಷಧದಿಂದ ಏನೂ ಉಪಯೋಗ ಇಲ್ಲ" ಎಂದು ಬಿಟ್ಟು, ಮೂಳೆ ಕಟ್ಟುವ ನಾಟಿ ವೈದ್ಯರ ಹತ್ತಿರ ಹೋಗುತ್ತಾರೆ.

ಹಾಗೆ ನೋಡಿದರೆ ಓಐ ಮೂಳೆ ಮುರಿದ ಮೇಲೆ ಕೂಡಿಕೊಳ್ಳಲು ತಡವೇನೂ ಮಾಡುವುದಿಲ್ಲ. ಮಾಮೂಲಿ ಹೊತ್ತಿಗೇ ಕೂಡುತ್ತದೆ. ಆದರೆ ಕೂಡಿಕೊಳ್ಳುವುದು ಎಷ್ಟೋ ಸಲ ಸೊಟ್ಟಗೆ, ಅದೇ ಕೆಟ್ಟ ಕಂಬಿಯಿಂದ. ಸೊಟ್ಟ ಮೂಳೆಯ ಮೇಲೆ ಭಾರ ಬಿದ್ದರೆ ಬಾಗಿದ ಜಾಗದಲ್ಲೇ ಮತ್ತೆ ಮುರಿಯುತ್ತದೆ. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆ. ಅಮೆರಿಕದ ಸೋಫೀಲ್ಡ್ ಮತ್ತು ಮಿಲರ್ 1959ರಲ್ಲಿ ಬರೆದ ವಿಧಾನ ಕೇಳಲು ಭಯಂಕರವಾಗಿದೆ. ಬಾಗಿದ ಮೂಳೆಯನ್ನು ತುಂಡು ತುಂಡು ಮಾಡಿ, ಒಳಗೆ ಸರಳು ತೂರಿಸಿ, ಮಲ್ಲಿಗೆ ಪೋಣಿಸಿದ ಹಾಗೆ ನೇರವಾಗಿ ಸಾಲು ಹಿಡಿಸುವುದು. ಸರಳು ಒಳಗಿನ ಊರುಗೋಲಾಗಿ ನಿಲ್ಲುತ್ತದೆ. ಆದರೆ ಮಗು ಬೆಳೆಯುತ್ತದೆ, ಸರಳು ಬೆಳೆಯುವುದಿಲ್ಲ. ಅದಕ್ಕೆ ಹಳೆಯ ರೇಡಿಯೋದ ಆಂಟೆನಾ ಹಾಗೆ ಒಂದರೊಳಗೊಂದು ಜಾರಿ ಉದ್ದವಾಗುವ ಸರಳುಗಳು ಬಂದವು. ಮಾಂಟ್ರಿಯಲ್‌ನಲ್ಲೇ ಹುಟ್ಟಿದ ಫ್ಯಾಸಿಯೆ–ಡುವಾಲ್ ಸರಳು ಇವತ್ತು ಹೆಚ್ಚು ಹೆಸರಾದದ್ದು. ಡ್ರಿಪ್ ಅಗ್ಗ ಎಂದೆನಲ್ಲ, ಈ ಶಸ್ತ್ರಚಿಕಿತ್ಸೆ ಅಗ್ಗವಲ್ಲ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ.

ಇವೆರಡಕ್ಕಿಂತ ಕಡೆಗಣಿಸಿದ ಚಿಕಿತ್ಸೆ ಇನ್ನೊಂದಿದೆ, ಅದು ಓಡಾಟ. ಮೂಳೆ ಮುರಿಯುವ ಮಗು ಎಂದರೆ ಮನೆಯವರು ಮಾಡುವ ಮೊದಲ ಕೆಲಸ ಮಂಚದಿಂದ ಇಳಿಸದಿರುವುದು. ಆಟ ಬೇಡ, ಶಾಲೆ ಬೇಡ, ನಡೆಯುವುದೇ ಬೇಡ. ಭಾರ ಬೀಳದ ಮೂಳೆ ಇನ್ನೂ ತೆಳುವಾಗುತ್ತದೆ. ಸ್ನಾಯು ಸೊರಗುತ್ತದೆ. ಎದ್ದು ನಿಂತ ದಿನ ಮತ್ತೆ ಮುರಿಯುತ್ತದೆ. "ನೋಡಿದ್ರಾ, ಅದಕ್ಕೇ ಹೇಳಿದ್ದು" ಎಂದು ಮತ್ತೆ ಮಂಚಕ್ಕೆ. ತಿಂಗಳುಗಟ್ಟಲೆ ಹಾಕುವ ಪ್ಲಾಸ್ಟರ್ ಕೂಡ ಇದೇ ಕೆಲಸ ಮಾಡುತ್ತದೆ. ಹಾಗಾಗಿ ತಿಳಿದವರು ಪ್ಲಾಸ್ಟರನ್ನು ಆದಷ್ಟು ಬೇಗ ಬಿಚ್ಚಿ, ಮಗುವನ್ನು ನೀರಿಗೆ ಇಳಿಸುತ್ತಾರೆ. ನೀರಿನಲ್ಲಿ ಭಾರ ಕಡಿಮೆ, ಚಲನೆ ಜಾಸ್ತಿ. ಮುರಿಯಬಹುದು ಎಂದು ಗೊತ್ತಿದ್ದೂ ಮಗುವನ್ನು ನಡೆಯಲು ಬಿಡಬೇಕು. ಅಪ್ಪ ಅಮ್ಮನಿಗೆ ಇದಕ್ಕಿಂತ ಕಷ್ಟದ ಸಲಹೆ ಇನ್ನೊಂದಿರಲಾರದು.

ಸರ್ಕಾರ ಏನು ಮಾಡಿದೆ? 2021ರ ಮಾರ್ಚ್‌ನಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಕಾಯಿಲೆಗಳನ್ನು ಮೂರು ಗುಂಪು ಮಾಡಿದರು. ಓಐ ಇರುವುದು ಎರಡನೇ ಗುಂಪಿನಲ್ಲಿ, ಅಂದರೆ ಚಿಕಿತ್ಸೆ ದೀರ್ಘಕಾಲದ್ದು, ಖರ್ಚು ಹೋಲಿಕೆಯಲ್ಲಿ ಕಡಿಮೆ. ಇಂಥ ಕಡಿಮೆ ಖರ್ಚಿನ ಕಾಯಿಲೆಗಳನ್ನು ರಾಜ್ಯ ಸರ್ಕಾರಗಳು ನೋಡಿಕೊಳ್ಳುವ ಬಗ್ಗೆ ಯೋಚಿಸಬಹುದು ಎಂದು ನೀತಿ ಹೇಳಿತು. "ಯೋಚಿಸಬಹುದು" ಎಂಬ ಪದದ ಭಾರ ಎಷ್ಟೆಂದು ಸರ್ಕಾರಿ ಕಡತ ನೋಡಿದವರಿಗೆ ಗೊತ್ತು. 2022ರಲ್ಲಿ ನಿಯಮ ಬದಲಾಗಿ, ಯಾವ ಗುಂಪಿನವರಿಗಾದರೂ 50 ಲಕ್ಷ ರೂಪಾಯಿವರೆಗೆ ನೆರವು ಎಂದಾಯಿತು. ಅದು ಸಿಗುವುದು ಗೊತ್ತುಪಡಿಸಿದ ಶ್ರೇಷ್ಠತಾ ಕೇಂದ್ರಗಳ ಮೂಲಕ ಮಾತ್ರ. ಕರ್ನಾಟಕದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಒಂದು ಕೇಂದ್ರ. ಬೀದರಿನವರಿಗೆ ಹೈದರಾಬಾದಿನ ಕೇಂದ್ರವೇ ಹತ್ತಿರ.

ನನ್ನ ತಕರಾರು 50 ಲಕ್ಷದ ಬಗ್ಗೆ ಅಲ್ಲ. ಆ ಅಂಕಿ ಒಂದೇ ಏಟಿಗೆ ದೊಡ್ಡ ಖರ್ಚು ಬರುವ ಕಾಯಿಲೆಗೆ ಹೊಲಿದ ಅಂಗಿ. ಓಐ ಮಗುವಿಗೆ ಬೇಕಾದದ್ದು ವರ್ಷಕ್ಕೆ ಎರಡು ಸಲ ಒಂದು ಡ್ರಿಪ್, ಅದೂ ಬೆಳವಣಿಗೆ ಮುಗಿಯುವವರೆಗೆ, ಮನೆಗೆ ಹತ್ತಿರದಲ್ಲಿ. ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಇಂಥ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರುವುದನ್ನು ಯೋಚಿಸಿ. ಪ್ರತಿ ಹಂಪಿನಲ್ಲೂ ಜೀವ ಬಾಯಿಗೆ ಬರುತ್ತದೆ. ರೋಗ ಪತ್ತೆ ಮತ್ತು ಮೊದಲ ಡೋಸ್ ದೊಡ್ಡ ಕೇಂದ್ರದಲ್ಲಿ ಆಗಲಿ. ಆಮೇಲಿನದನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರು ಫೋನಿನಲ್ಲಿ ಕೇಳಿಕೊಂಡು ಕೊಡುವುದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಬೇಕಾದದ್ದು ಒಂದು ಆದೇಶ, ಒಂದು ಸಣ್ಣ ತರಬೇತಿ, ಒಂದು ಫೋನ್ ನಂಬರು.

ಪತ್ತೆಯ ವಿಷಯವೂ ಹೀಗೇ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುತ್ತವೆ. ಅವರ ಹುಟ್ಟುದೋಷಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ತಿರುಚಿದ ಪಾದ ಇದೆ. ಓಐ ಹೆಸರು ಇಲ್ಲ. "ಈ ಮಗುವಿಗೆ ಎರಡಕ್ಕಿಂತ ಹೆಚ್ಚು ಸಲ ಮೂಳೆ ಮುರಿದಿದೆಯೇ?" ಎಂಬ ಒಂದು ಪ್ರಶ್ನೆ ಸೇರಿಸಿದರೆ ಖರ್ಚಾಗುವುದು ಒಂದು ಸಾಲು ಶಾಯಿ.

ಅಂಗವಿಕಲತೆಯ ಪ್ರಮಾಣಪತ್ರ ಇನ್ನೊಂದು ಒಗಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳಲ್ಲಿ ಕುಬ್ಜತೆ ಇದೆ, ಆದರೆ ಅದರ ಅಳತೆ ದೊಡ್ಡವರಾದ ಮೇಲಿನ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಎಂಬುದು. ಆರು ವರ್ಷದ ಮಗುವಿಗೆ ಅದು ಹೊಂದುವುದಿಲ್ಲ. ಚಲನೆಯ ತೊಂದರೆ ಎಂದು ಹೋದರೆ, ಅಳೆಯುವ ದಿನ ಮಗು ನಡೆಯುತ್ತಿರಬಹುದು. ಮುಂದಿನ ವಾರ ಕಾಲು ಮುರಿದು ಮೂರು ತಿಂಗಳು ಮಲಗಿರಬಹುದು. ಸವಲತ್ತು ಸಿಗಲು ಬೇಕಾದ ಶೇ. 40 ಅಂಗವಿಕಲತೆ ಎಂಬ ಗೆರೆ ಯಾವ ದಿನದ ಮಗುವಿಗೆ? ಶಾಲೆಗಳೂ ಹಾಗೇ. ಸೇರಿಸಿಕೊಳ್ಳುವುದಿಲ್ಲ ಎಂದು ನೇರವಾಗಿ ಯಾರೂ ಹೇಳುವುದಿಲ್ಲ. "ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ, ಬರೆದುಕೊಡಿ" ಅನ್ನುತ್ತಾರೆ. ಈ ಕಾಯಿಲೆಗೂ ಬುದ್ಧಿಗೂ ಸಂಬಂಧವಿಲ್ಲ. ಆ ಮಗುವಿಗೆ ಬೇಕಾದದ್ದು ನೆಲಮಹಡಿಯ ತರಗತಿ, ಬಾಗಿಲ ಹತ್ತಿರದ ಬೆಂಚು, ಊಟದ ಬೆಲ್ ಹೊಡೆಯುವುದಕ್ಕಿಂತ ಐದು ನಿಮಿಷ ಮೊದಲು ಹೊರಗೆ ಹೋಗಲು ಬಿಡುವ ಮೇಷ್ಟ್ರು.

ಮನೆಯಲ್ಲಿ ಅಂಥ ಕೂಸಿದ್ದರೆ ಇವತ್ತೇ ಬದಲಿಸಬಹುದಾದ ಕೆಲವು ಸಂಗತಿಗಳಿವೆ. ಬಟ್ಟೆ ಬದಲಿಸುವಾಗ ಎರಡೂ ಪಾದ ಹಿಡಿದು ಮೇಲೆತ್ತುವ ಅಭ್ಯಾಸ ನಮಗೆಲ್ಲ ಇದೆ. ಅದು ಬೇಡ, ಅಂಗೈಯನ್ನು ಕುಂಡಿಯ ಕೆಳಗೆ ತೂರಿಸಿ ಎತ್ತಬೇಕು. ಕಂಕುಳಿಗೆ ಕೈ ಹಾಕಿ ಎತ್ತಿಕೊಳ್ಳುವುದೂ ಬೇಡ, ಒಂದು ಕೈ ತಲೆ ಬೆನ್ನಿಗೆ, ಇನ್ನೊಂದು ಕೆಳಗೆ. ತೋಳು ಎಳೆದು ತೂರಿಸುವ ಅಂಗಿಗಿಂತ ಮುಂದೆ ಬಿಚ್ಚುವ ಜುಬ್ಬ ವಾಸಿ. ಎಣ್ಣೆ ಹಚ್ಚಬಹುದು, ಎಳೆದು ತಿಕ್ಕುವುದು ಮಾತ್ರ ಇಲ್ಲ. ಕಾಯಿಲೆ ಜೋರಾಗಿರುವ ಮಗುವಿಗೆ ಬಿ.ಪಿ. ನೋಡುವ ಪಟ್ಟಿ ಬಿಗಿದರೂ ತೋಳು ಮುರಿಯಬಹುದು, ಹಾಗಾಗಿ ನರ್ಸಮ್ಮನಿಗೆ ಮೊದಲೇ ಹೇಳಬೇಕು. ಹಳೆಯ ಎಕ್ಸ್‌ರೇಗಳು, ಡ್ರಿಪ್ ಕೊಟ್ಟ ತಾರೀಕುಗಳು, ಡಾಕ್ಟರ ಸಹಿ ಇರುವ ಒಂದು ಪುಟದ ಚೀಟಿ ಒಂದೇ ಫೈಲಿನಲ್ಲಿ ಇರಲಿ. ಚೀಟಿ ಕನ್ನಡದಲ್ಲೂ ಇರಲಿ. ಅದನ್ನು ಓದಬೇಕಾದವರಲ್ಲಿ ಡಾಕ್ಟರು ಮಾತ್ರ ಅಲ್ಲ, ಅಂಗನವಾಡಿ ಟೀಚರೂ ಇದ್ದಾರೆ, ನೀರು ಹಾಕಲು ಬರುವ ಅಜ್ಜಿಯೂ ಇದ್ದಾರೆ.